ಸೋಡಿಯಂ ಸಾಲಿಡ್-ಸ್ಟೇಟ್ ಬ್ಯಾಟರಿಗೆ ಯಾವ ಪಾಲಿಮರ್ ಒಳ್ಳೆಯದು?

ಎರಡು ಎಲೆಕ್ಟ್ರೋಡ್‌ಗಳ ನಡುವೆ ಅಯಾನು ಸಾಗಿಸುವ ಎಲೆಕ್ಟ್ರೋಲೈಟ್ ಆಗಿ ದ್ರವದ ಬದಲು ಪಾಲಿಮರ್ ಹಾಕಿ ಸೋಡಿಯಂ ಬ್ಯಾಟರಿ ಮಾಡೋಣ ಎಂದು ಹೊರಟವರಿಗೆ ಶುರುವಿನಲ್ಲೇ ಐದಾರು ಹೆಸರುಗಳು ಎದುರಾಗುತ್ತವೆ. ಪಿಇಒ (ಪಾಲಿ ಎಥಿಲೀನ್ ಆಕ್ಸೈಡ್), ಪಿವಿಡಿಎಫ್-ಎಚ್‌ಎಫ್‌ಪಿ (ಫ್ಲೋರಿನ್ ಇರುವ ಸಹಪಾಲಿಮರ್), ಪಾಲಿಕಾರ್ಬೊನೇಟ್, ಸೆಲ್ಲಿನೊಳಗೇ ಗಟ್ಟಿಯಾಗುವ ಜೆಲ್, ಸಿರಾಮಿಕ್ ಪುಡಿ ಬೆರೆಸಿದ ಮಿಶ್ರಣ. ಯಾವ ಸಂಶೋಧನಾ ಲೇಖನ ತೆರೆದರೂ ಅದರಲ್ಲಿರುವ ಪಾಲಿಮರೇ ಎಲ್ಲಕ್ಕಿಂತ ಮೇಲು. ಓದಿದಷ್ಟೂ ಗೊಂದಲ ಜಾಸ್ತಿ.

ಹೀಗಾಗಲು ಒಂದು ಕಾರಣವಿದೆ. ಹೆಚ್ಚಿನವರು ವಾಹಕತೆಯ, ಅಂದರೆ ಅಯಾನು ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದರ, ಅಂಕಿಯೊಂದನ್ನೇ ಹಿಡಿದು ಹೋಲಿಸುತ್ತಾರೆ. ನನ್ನ ಪ್ರಕಾರ ಅದು ಮೂರನೆಯ ಪ್ರಶ್ನೆ. ನಿಮ್ಮ ಸೆಲ್ ಎಷ್ಟು ಬಿಸಿಯಲ್ಲಿ ಕೆಲಸ ಮಾಡಬೇಕು, ಕ್ಯಾಥೋಡ್ (ಧನ ಎಲೆಕ್ಟ್ರೋಡ್) ಎಷ್ಟು ವೋಲ್ಟ್‌ಗೆ ಹೋಗುತ್ತದೆ, ಇವೆರಡನ್ನು ಮೊದಲು ತೀರ್ಮಾನಿಸಿದರೆ ಪಟ್ಟಿಯ ಅರ್ಧ ತಾನಾಗಿ ಉದುರಿಹೋಗುತ್ತದೆ.

ಮೊದಲು ಅಳತೆಗೋಲು

ಬಿಸಿಯಿಂದ ಶುರು ಮಾಡೋಣ. ಪಾಲಿಮರ್ ಒಳಗೆ ಸೋಡಿಯಂ ಅಯಾನು ತಾನಾಗಿ ಓಡುವುದಿಲ್ಲ. ಸರಪಳಿಯ ಆಮ್ಲಜನಕ ಪರಮಾಣುಗಳು ಅದನ್ನು ಹಿಡಿದುಕೊಂಡಿರುತ್ತವೆ. ಸರಪಳಿ ಅಲುಗಾಡಿದಾಗ ಹಳೆಯ ಹಿಡಿತ ಬಿಟ್ಟು ಮುಂದಿನದಕ್ಕೆ ದಾಟುತ್ತದೆ. ಸರಪಳಿ ಹೆಪ್ಪುಗಟ್ಟಿದ್ದರೆ ಅಯಾನೂ ನಿಂತಲ್ಲೇ ನಿಲ್ಲುತ್ತದೆ. ಹಾಗಾಗಿ ಲಿಥಿಯಂ ಲೋಕದಲ್ಲಿ ಒಂದು ಸುಲಭದ ದಾರಿ ರೂಢಿಯಾಯಿತು: ಬ್ಯಾಟರಿಯನ್ನೇ ಬಿಸಿ ಮಾಡಿಬಿಡುವುದು. 2011ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾದ ಆಟೋಲಿಬ್ ಬಾಡಿಗೆ ಕಾರುಗಳಲ್ಲಿ ಇದ್ದದ್ದು ಇಂಥದ್ದೇ ಲಿಥಿಯಂ-ಪಾಲಿಮರ್ ಬ್ಯಾಟರಿ. ಅದನ್ನು ಬಿಸಿಯಾಗಿಯೇ ಇಟ್ಟುಕೊಳ್ಳಬೇಕಿತ್ತು.

ಸೋಡಿಯಂನಲ್ಲಿ ಈ ದಾರಿ ಅಷ್ಟು ಸಲೀಸಲ್ಲ. ಲಿಥಿಯಂ ಲೋಹ ಕರಗುವುದು ಸುಮಾರು 180 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸೋಡಿಯಂ 98 ಡಿಗ್ರಿಗೇ ಕರಗುತ್ತದೆ. ಸೆಲ್ಲನ್ನು 80 ಡಿಗ್ರಿಯಲ್ಲಿ ನಡೆಸಿದರೆ ಕರಗುವ ಬಿಂದುವಿಗೆ ಹದಿನೆಂಟೇ ಡಿಗ್ರಿ ದೂರ. ಒಳಗೆ ಒಂದು ಕಡೆ ಸ್ವಲ್ಪ ಜಾಸ್ತಿ ಬಿಸಿಯಾದರೂ ಅಪಾಯ. ಆನೋಡ್‌ಗೆ (ಋಣ ಎಲೆಕ್ಟ್ರೋಡ್) ಸೋಡಿಯಂ ಲೋಹ ಬಳಸುವವರು 60-70 ಡಿಗ್ರಿಯನ್ನೇ ಗಡಿ ಎಂದುಕೊಳ್ಳುವುದು ಒಳ್ಳೆಯದು. ಲೋಹದ ಬದಲು ಹಾರ್ಡ್ ಕಾರ್ಬನ್ (ಸೋಡಿಯಂ ಅಯಾನನ್ನು ಒಳಗೆ ಹಿಡಿದಿಡುವ ಇಂಗಾಲ) ಆನೋಡ್ ಆದರೆ ಸ್ವಲ್ಪ ಸಡಿಲ ಸಿಗುತ್ತದೆ.

ಎರಡನೆಯದು ವೋಲ್ಟೇಜ್. ಇಲ್ಲೊಂದು ಗುಂಡಿ ಇದೆ. ಪಿಇಒ ಸುಮಾರು 4 ವೋಲ್ಟ್‌ವರೆಗೆ ತಡೆಯುತ್ತದೆ ಎಂದು ಎಲ್ಲೆಡೆ ಬರೆದಿರುತ್ತದೆ. ಅದು ಲಿಥಿಯಂ ಲೋಹಕ್ಕೆ ಹೋಲಿಸಿ ಹೇಳಿದ ಅಂಕಿ. ಲಿಥಿಯಂನ ವಿಭವ −3.04 ವೋಲ್ಟ್, ಸೋಡಿಯಂನದು −2.71. ಅಂದರೆ ಲಿಥಿಯಂ ಲೆಕ್ಕದ 4 ವೋಲ್ಟ್ ಸೋಡಿಯಂ ಲೆಕ್ಕದಲ್ಲಿ ಸುಮಾರು 3.7 ಮಾತ್ರ. ಈ 0.3 ವೋಲ್ಟ್ ಕಳೆಯುವುದನ್ನು ಮರೆತರೆ ಕ್ಯಾಥೋಡ್ ಆಯ್ಕೆಯೇ ತಪ್ಪುತ್ತದೆ.

ಆಮೇಲೆ ವಾಹಕತೆ. ಅದನ್ನೂ ಒಂಟಿಯಾಗಿ ನೋಡಬೇಡಿ, ಪೊರೆಯ ದಪ್ಪದ ಜೊತೆ ಸೇರಿಸಿ ನೋಡಿ. ಸೆಲ್‌ಗೆ ಬೇಕಾದದ್ದು ಕಡಿಮೆ ಪ್ರತಿರೋಧ. ದಪ್ಪವನ್ನು ವಾಹಕತೆಯಿಂದ ಭಾಗಿಸಿದರೆ ಅದು ಸಿಗುತ್ತದೆ. 50 ಮೈಕ್ರೋಮೀಟರ್ ದಪ್ಪದ ಪೊರೆ, ವಾಹಕತೆ ಸೆಂಟಿಮೀಟರಿಗೆ 10⁻⁴ ಸೀಮೆನ್ಸ್ ಎಂದುಕೊಳ್ಳಿ. ಪ್ರತಿರೋಧ 50 ಓಮ್-ಚದರ ಸೆಂಟಿಮೀಟರ್. ಚದರ ಸೆಂಟಿಮೀಟರಿಗೆ 0.5 ಮಿಲಿಆಂಪಿಯರ್ ಹರಿಸಿದರೆ ಪೊರೆಯಲ್ಲಿ 25 ಮಿಲಿವೋಲ್ಟ್ ಕಳೆದುಹೋಗುತ್ತದೆ. ತೊಂದರೆಯಿಲ್ಲ. ಅದೇ ಪೊರೆಯ ವಾಹಕತೆ 10⁻⁶ ಆದರೆ? ಕಳೆಯುವುದು 2.5 ವೋಲ್ಟ್! 3.4 ವೋಲ್ಟ್‌ನ ಕ್ಯಾಥೋಡ್‌ನಲ್ಲಿ ಉಳಿಯುವುದೇನು? ಇನ್ನೊಂದು ಕಡೆಯಿಂದ ನೋಡಿ: 200 ಮೈಕ್ರೋಮೀಟರ್ ದಪ್ಪದ 'ಅತ್ಯುತ್ತಮ' ಪೊರೆಗಿಂತ ಅರ್ಧ ವಾಹಕತೆಯ, ಆದರೆ 30 ಮೈಕ್ರೋಮೀಟರ್ ದಪ್ಪದ ಪೊರೆ ಎಷ್ಟೋ ವಾಸಿ. ಬರೀ ವಾಹಕತೆ ಕೊಟ್ಟು ದಪ್ಪ ಹೇಳದ ಹೋಲಿಕೆ ಪಟ್ಟಿಯನ್ನು ಸುಮ್ನೆ ಪಕ್ಕಕ್ಕಿಡಿ.

ನಾಲ್ಕನೆಯದು ಸಾಗಣೆ ಸಂಖ್ಯೆ. ಹರಿಯುವ ಒಟ್ಟು ವಿದ್ಯುತ್ತಿನಲ್ಲಿ ಸೋಡಿಯಂ ಅಯಾನಿನ ಪಾಲೆಷ್ಟು ಎಂಬುದು. ಪಿಇಒನಲ್ಲಿ ಅದು ಸಾಮಾನ್ಯವಾಗಿ 0.2ರಿಂದ 0.4. ಉಳಿದದ್ದೆಲ್ಲ ಋಣ ಅಯಾನಿನ ಓಡಾಟ. ಚಾರ್ಜ್ ವೇಗ ಹೆಚ್ಚಿಸಿದಾಗ ಒಂದು ಬದಿ ಉಪ್ಪು ಜಮಾಯಿಸಿ ಇನ್ನೊಂದು ಬದಿ ಖಾಲಿಯಾಗುವುದು ಇದರಿಂದಲೇ. ನಿಧಾನವಾಗಿ ಚಾರ್ಜ್ ಮಾಡುವ ಬ್ಯಾಟರಿಗೆ ಇದು ದೊಡ್ಡ ತಲೆನೋವಲ್ಲ.

ಐದನೆಯದು ನಿಮ್ಮ ಲ್ಯಾಬಿನಲ್ಲಿ ಏನಿದೆ ಎಂಬುದು. ಇದನ್ನು ಯಾರೂ ಬರೆಯುವುದಿಲ್ಲ. ಆದರೆ ಕೊನೆಗೆ ಆಯ್ಕೆಯನ್ನು ನಿರ್ಧರಿಸುವುದು ಬಹಳ ಸಲ ಇದೇ.

ಪಿಇಒ: ಹಳೆಯದು, ಆದರೂ ಅಡಿಪಾಯ

ಪಾಲಿ ಎಥಿಲೀನ್ ಆಕ್ಸೈಡ್ ಮತ್ತು ಕ್ಷಾರ ಲೋಹಗಳ ಲವಣ ಸೇರಿ ಸಂಕೀರ್ಣವಾಗುತ್ತವೆ ಎಂದು ಪೀಟರ್ ರೈಟ್ ಮತ್ತು ಜೊತೆಗಾರರು 1973ರಲ್ಲಿ ತೋರಿಸಿದರು. ಆ ಮೊದಲ ಪ್ರಯೋಗಗಳಲ್ಲಿ ಸೋಡಿಯಂ ಲವಣಗಳೂ ಇದ್ದವು. ಇದನ್ನು ಬ್ಯಾಟರಿಗೆ ಬಳಸಬಹುದು ಎಂದು 1978ರಲ್ಲಿ ಹೇಳಿದವರು ಮಿಷೆಲ್ ಅರ್ಮಾಂಡ್. ಇಂದಿಗೂ ಹೊಸ ಪಾಲಿಮರ್ ಮಾಡಿದವರೆಲ್ಲ ಹೋಲಿಸುವುದು ಪಿಇಒ ಜೊತೆಗೇ.

ಇದರ ದೊಡ್ಡ ಗುಣ ಆನೋಡ್ ಬದಿಯಲ್ಲಿದೆ. ಈ ಪಟ್ಟಿಯಲ್ಲಿರುವ ಪಾಲಿಮರ್‌ಗಳಲ್ಲಿ ಸೋಡಿಯಂ ಲೋಹದ ಪಕ್ಕದಲ್ಲಿ ಹೆಚ್ಚು ಹೊಂದಿಕೊಂಡು ಇರುವುದು ಇದೇ. ದೋಷವೂ ಅಷ್ಟೇ ಸ್ಪಷ್ಟ. 65 ಡಿಗ್ರಿಯ ಆಸುಪಾಸಿನಲ್ಲಿ ಇದರ ಹರಳುಗಳು ಕರಗುತ್ತವೆ. ಅದಕ್ಕಿಂತ ಕೆಳಗೆ, ಕೋಣೆಯ ಬಿಸಿಯಲ್ಲಿ, ವಾಹಕತೆ 10⁻⁷ರಿಂದ 10⁻⁶ರ ಮಟ್ಟಕ್ಕೆ ಇಳಿದುಬಿಡುತ್ತದೆ. ಹರಳು ಕರಗಿದ ಮೇಲೆ 10⁻⁴ ದಾಟುತ್ತದೆ. ಲವಣ ಬೆರೆತಾಗ ಈ ಕರಗುವ ಬಿಂದು ಸ್ವಲ್ಪ ಕೆಳಗಿಳಿಯುವುದರಿಂದ 60 ಡಿಗ್ರಿಯಲ್ಲಿ ಕೆಲಸ ನಡೆಯುತ್ತದೆ. ಆದರೆ ಹರಳು ಕರಗಿದ ಪೊರೆ ಮೆತ್ತಗಾಗಿ ಹರಡಿಕೊಳ್ಳುತ್ತದೆ. ಒತ್ತಡ ಹಾಕಿ ಮುಚ್ಚಿದ ಸೆಲ್‌ನಲ್ಲಿ ಎರಡು ಎಲೆಕ್ಟ್ರೋಡ್ ಒಂದಕ್ಕೊಂದು ತಾಗುವ ಸಾಧ್ಯತೆ ಆಗಲೇ ಹೆಚ್ಚು.

ತಯಾರಿ ಸುಲಭ. ಲೆಕ್ಕ ಮಾತ್ರ ಸರಿಯಾಗಿರಬೇಕು. 20 ಎಥಿಲೀನ್ ಆಕ್ಸೈಡ್ ಘಟಕಕ್ಕೆ 1 ಸೋಡಿಯಂ ಎಂಬ ಅನುಪಾತ ಒಳ್ಳೆಯ ಆರಂಭ. ಘಟಕದ ತೂಕ 44, ಸೋಡಿಯಂ ಅಯಾನು ಒದಗಿಸುವ ಸೋಡಿಯಂ ಟಿಎಫ್‌ಎಸ್‌ಐ ಲವಣದ್ದು 303. ಹಾಗಾಗಿ 1 ಗ್ರಾಂ ಪಿಇಒಗೆ ಸುಮಾರು 0.34 ಗ್ರಾಂ ಲವಣ. ಸೋಡಿಯಂ ಎಫ್‌ಎಸ್‌ಐ ಎಂಬ ಇನ್ನೊಂದು ಲವಣ ಆದರೆ 0.23 ಗ್ರಾಂ ಸಾಕು. ಪಿಇಒ ಪುಡಿಯನ್ನು 50 ಡಿಗ್ರಿಯಲ್ಲಿ ನಿರ್ವಾತದಲ್ಲಿ ಒಣಗಿಸಿ. ಅದಕ್ಕಿಂತ ಬಿಸಿ ಮಾಡಿದರೆ ಪುಡಿ ಅಂಟಿ ಮುದ್ದೆಯಾಗುತ್ತದೆ. ಎರಡನ್ನೂ ಅಸಿಟೋನೈಟ್ರೈಲ್‌ನಲ್ಲಿ ಕಲಕಿ, ಟೆಫ್ಲಾನ್ ತಟ್ಟೆಗೆ ಸುರಿದು, ದ್ರಾವಕ ಪೂರ್ತಿ ಹೋಗುವವರೆಗೆ ಒಣಗಿಸಿದರೆ ಪೊರೆ ಸಿದ್ಧ. ಹಾಟ್ ಪ್ರೆಸ್ ಇದ್ದರೆ ದ್ರಾವಕವೇ ಇಲ್ಲದೆ ಒತ್ತಿ ಮಾಡಬಹುದು. ನನಗೆ ಅದೇ ಇಷ್ಟ, ಯಾಕೆಂದರೆ ಉಳಿದ ದ್ರಾವಕದ ಅನುಮಾನವೇ ಇರುವುದಿಲ್ಲ.

ಜೊತೆಗೆ ಯಾವ ಕ್ಯಾಥೋಡ್? ಸೋಡಿಯಂ ವನೇಡಿಯಂ ಫಾಸ್ಫೇಟ್, ಅಂದರೆ ಎನ್‌ವಿಪಿ, ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. ಅದು 3.4 ವೋಲ್ಟ್‌ನಲ್ಲಿ ಸಮತಟ್ಟಾಗಿ ನಡೆಯುತ್ತದೆ, 3.7 ದಾಟಿಸುವ ಅಗತ್ಯವೇ ಬರುವುದಿಲ್ಲ. 4 ವೋಲ್ಟ್‌ವರೆಗೆ ಹೋಗಬೇಕಾದ ಪದರ ರಚನೆಯ ಆಕ್ಸೈಡ್‌ಗಳಿಗೆ ಪಿಇಒ ಹಾಕಿದರೆ ಮೊದಲ ಕೆಲವು ಚಕ್ರ ಚೆನ್ನಾಗಿಯೇ ಕಾಣುತ್ತದೆ. ಆಮೇಲೆ ಸಾಮರ್ಥ್ಯ ಜಾರುತ್ತಾ ಹೋಗುತ್ತದೆ.

ಪಿವಿಡಿಎಫ್-ಎಚ್‌ಎಫ್‌ಪಿ: ಒಳಗೆ ಅಡಗಿರುವ ದ್ರವ

ಇದರ ಪೊರೆ ಗಟ್ಟಿ, ಕೈಯಲ್ಲಿ ಹಿಡಿದರೆ ಹರಿಯುವುದಿಲ್ಲ. ಹೆಚ್ಚು ವೋಲ್ಟೇಜ್‌ಗೂ ತಡೆಯುತ್ತದೆ. ಕೋಣೆಯ ಬಿಸಿಯಲ್ಲೇ 10⁻⁴ ಬಂತು ಎಂಬ ವರದಿಗಳು ಸಾಕಷ್ಟಿವೆ. ಕೇಳಲು ಚಂದ ಅಲ್ವಾ? ಆದರೆ ಈ ವಾಹಕತೆ ಬಹುಪಾಲು ಪಾಲಿಮರ್‌ನದ್ದಲ್ಲ. ಪೊರೆ ಎರಕ ಹೊಯ್ಯಲು ಬಳಸುವ ಡಿಎಂಎಫ್‌ನಂಥ ದ್ರಾವಕ ಲವಣಕ್ಕೆ ಅಂಟಿಕೊಂಡು ಒಳಗೇ ಉಳಿಯುತ್ತದೆ. 'ಒಣಗಿಸಿದ್ದೇವೆ' ಎಂದರೂ ಪೂರ್ತಿ ಹೋಗಿರುವುದಿಲ್ಲ. ಪೊರೆಯ ತುಂಡನ್ನು ಟಿಜಿಎಯಲ್ಲಿ (ಬಿಸಿ ಮಾಡುತ್ತಾ ತೂಕ ಅಳೆಯುವ ಉಪಕರಣ) ಇಟ್ಟು ಬಿಸಿ ಮಾಡಿದರೆ ತೂಕ ಇಳಿಯುವುದು ಕಣ್ಣಿಗೆ ಕಾಣುತ್ತದೆ.

ಇದನ್ನು ಜೆಲ್ ಎಂದು ಒಪ್ಪಿಕೊಂಡು ಬಳಸುವುದಾದರೆ ತಪ್ಪೇನಿಲ್ಲ. ದ್ರವ ಹೀರಿಸಿದ ಪಿವಿಡಿಎಫ್-ಎಚ್‌ಎಫ್‌ಪಿ ಜೆಲ್ 10⁻³ರ ಹತ್ತಿರವೂ ಹೋಗುತ್ತದೆ, ಹಾರ್ಡ್ ಕಾರ್ಬನ್ ಜೊತೆ ಕೋಣೆಯ ಬಿಸಿಯಲ್ಲಿ ಆರಾಮಾಗಿ ನಡೆಯುತ್ತದೆ. ಸೋಡಿಯಂ ಲೋಹದ ಜೊತೆ ಮಾತ್ರ ನಾನು ಹಾಕುವುದಿಲ್ಲ. ಪಾಲಿಮರ್‌ನಲ್ಲಿರುವ ಫ್ಲೋರಿನ್ ಸೋಡಿಯಂ ಜೊತೆ ಪ್ರತಿಕ್ರಿಯಿಸುತ್ತದೆ, ಉಳಿದ ಡಿಎಂಎಫ್ ಕೂಡ ಸುಮ್ಮನಿರುವುದಿಲ್ಲ.

ಸೆಲ್ಲಿನೊಳಗೇ ಗಟ್ಟಿಯಾಗುವ ಜೆಲ್

ಕೋಣೆಯ ಬಿಸಿಯಲ್ಲಿ ಓಡುವ ಸೆಲ್ ಬೇಕು ಎನ್ನುವವರಿಗೆ ನಾನು ಮೊದಲು ತೋರಿಸುವುದು ಇದನ್ನೇ. ಪಿಇಜಿ ಡೈಅಕ್ರಿಲೇಟ್‌ನಂಥ ಮೊನೊಮರ್ (ಸೇರಿಕೊಂಡು ಪಾಲಿಮರ್ ಆಗುವ ಬಿಡಿ ಅಣು), ಲವಣ, ಸ್ವಲ್ಪ ದ್ರವ, ಆ ಸೇರಿಕೆಯನ್ನು ಶುರು ಮಾಡುವ ಒಂದಿಷ್ಟು ಇನಿಶಿಯೇಟರ್ ಬೆರೆಸಿ ತೆಳು ದ್ರಾವಣವಾಗಿ ಸೆಲ್‌ಗೆ ಸುರಿಯುವುದು. ಆಮೇಲೆ 60-70 ಡಿಗ್ರಿಯಲ್ಲಿ ಕೆಲವು ಗಂಟೆ ಇಟ್ಟರೆ ಒಳಗೇ ಗಟ್ಟಿಯಾಗುತ್ತದೆ.

ಲಾಭ ಎಲ್ಲಿದೆ ಎಂದರೆ ಕ್ಯಾಥೋಡ್‌ನ ರಂಧ್ರಗಳಲ್ಲಿ. ಮೊದಲೇ ಮಾಡಿಟ್ಟ ಪೊರೆ ಕ್ಯಾಥೋಡ್‌ನ ಮೇಲ್ಮೈಯನ್ನು ಮಾತ್ರ ಮುಟ್ಟುತ್ತದೆ. ಒಳಗಿನ ಕಣಗಳಿಗೆ ಅಯಾನು ತಲುಪಲು ಕ್ಯಾಥೋಡ್ ಕಲಸುವಾಗಲೇ ಪಾಲಿಮರ್ ಸೇರಿಸಿರಬೇಕು. ಇಲ್ಲಿ ದ್ರಾವಣ ತಾನಾಗಿ ಇಳಿದು ತುಂಬಿಕೊಳ್ಳುತ್ತದೆ. ದ್ರವದ ಸೆಲ್ ಕಟ್ಟಲು ಇರುವ ಸಲಕರಣೆಗಳಲ್ಲೇ ಇದನ್ನೂ ಕಟ್ಟಬಹುದು.

ಕಷ್ಟಗಳು ಸಣ್ಣವು, ಆದರೆ ಕಾಡುತ್ತವೆ. ಅಕ್ರಿಲೇಟ್ ಮೊನೊಮರ್ ಬಾಟಲಿಯಲ್ಲೇ ಗಟ್ಟಿಯಾಗದಿರಲಿ ಎಂದು ಅದರಲ್ಲಿ ತಡೆಯುವ ರಾಸಾಯನಿಕ ಹಾಕಿರುತ್ತಾರೆ. ಅದನ್ನು ತೆಗೆಯದಿದ್ದರೆ ಒಂದೊಂದು ಸಲ ಒಂದೊಂದು ಥರ ಗಟ್ಟಿಯಾಗುತ್ತದೆ. ಎಐಬಿಎನ್ ಎಂಬ ಇನಿಶಿಯೇಟರ್ ಒಡೆಯುವಾಗ ಸಾರಜನಕ ಅನಿಲ ಬಿಡುತ್ತದೆ. ಕಾಯಿನ್ ಸೆಲ್‌ನಲ್ಲಿ ಗೊತ್ತಾಗುವುದಿಲ್ಲ, ಪೌಚ್ ಸೆಲ್‌ನಲ್ಲಿ ಗುಳ್ಳೆಗಳು ಎದ್ದು ಕಾಣುತ್ತವೆ. ಅಗತ್ಯಕ್ಕಿಂತ ಜಾಸ್ತಿ ಹಾಕಬೇಡಿ. ಯುವಿ ದೀಪ ಬಳಸುವ ಯೋಚನೆ ಇದ್ದರೆ ನೆನಪಿಡಿ: ಕಪ್ಪು ಎಲೆಕ್ಟ್ರೋಡ್‌ಗಳ ನಡುವೆ ಬೆಳಕು ಹೋಗುವುದಿಲ್ಲ. ಅದು ಬಿಡಿ ಪೊರೆ ಮಾಡಲು ಮಾತ್ರ. ಇನ್ನು ಪೂರ್ತಿ ಪ್ರತಿಕ್ರಿಯಿಸದೆ ಉಳಿದ ಮೊನೊಮರ್ ಸೋಡಿಯಂ ಜೊತೆ ನಿಧಾನಕ್ಕೆ ಕಿತಾಪತಿ ಮಾಡುತ್ತಲೇ ಇರುತ್ತದೆ.

ಮತ್ತೊಂದು ಮಾತು. ದ್ರವ ಅರ್ಧದಷ್ಟಿದ್ದರೆ ಅದನ್ನು ಸಾಲಿಡ್-ಸ್ಟೇಟ್ ಎಂದು ಕರೆಯಬೇಡಿ. ಸೋರಿಕೆ ಕಡಿಮೆ, ನಿಜ. ಬೆಂಕಿಯ ಅಪಾಯ ಹೋಯಿತು ಎನ್ನಲಾಗದು.

ಪಾಲಿಕಾರ್ಬೊನೇಟ್, ಪಾಲಿಎಸ್ಟರ್

ಹೆಚ್ಚು ಜನ ನೋಡದ, ನೋಡಬೇಕಾದ ಗುಂಪು ಇದು. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ತಂಡ ಇದರ ಮೇಲೆ ಬಹಳ ಕೆಲಸ ಮಾಡಿದೆ. ಇಲ್ಲಿ ಅಯಾನನ್ನು ಹಿಡಿಯುವುದು ಕಾರ್ಬೊನಿಲ್ ಆಮ್ಲಜನಕ. ಅದರ ಹಿಡಿತ ಪಿಇಒಗಿಂತ ಸಡಿಲ. ಹಾಗಾಗಿ ಸಾಗಣೆ ಸಂಖ್ಯೆ 0.5 ದಾಟುವುದು ಸಾಮಾನ್ಯ. ಆಕ್ಸಿಡೀಕರಣವನ್ನೂ ಪಿಇಒಗಿಂತ ಮೇಲಿನ ವೋಲ್ಟೇಜ್‌ವರೆಗೆ ತಡೆಯುತ್ತದೆ. ಕ್ಯಾಪ್ರೊಲ್ಯಾಕ್ಟೋನ್ ಮತ್ತು ಟ್ರೈಮೆಥಿಲೀನ್ ಕಾರ್ಬೊನೇಟ್ ಸೇರಿಸಿ ಮಾಡಿದ ಪಾಲಿಮರ್ ನನಗೆ ಇಷ್ಟವಾದದ್ದು. ಮೊದಲನೆಯದು ಸರಪಳಿಗೆ ಅಲುಗಾಟ ಕೊಡುತ್ತದೆ, ಎರಡನೆಯದು ಹರಳುಗಟ್ಟುವುದನ್ನು ತಡೆಯುತ್ತದೆ. ದ್ರವ ಇಲ್ಲದೆಯೇ ಕೋಣೆಯ ಬಿಸಿಯಲ್ಲಿ 10⁻⁵ರ ಆಸುಪಾಸಿಗೆ ಬರುತ್ತದೆ. ಪೊರೆ ತೆಳ್ಳಗಿದ್ದು, 40-50 ಡಿಗ್ರಿಗೆ ಬಿಸಿ ಮಾಡಿದರೆ ಕೆಲಸಕ್ಕೆ ಬರುವ ಸೆಲ್ ಆಗುತ್ತದೆ.

ಆದರೆ ಎಸ್ಟರ್, ಕಾರ್ಬೊನೇಟ್ ಬಂಧಗಳಿಗೆ ಸೋಡಿಯಂ ಲೋಹ ಕಂಡರೆ ಆಗುವುದಿಲ್ಲ. ಸರಪಳಿ ತುಂಡಾಗಿ ಪೊರೆ ಮೆತ್ತಗಾಗುತ್ತದೆ. ಪಾಲಿಪ್ರೊಪಿಲೀನ್ ಕಾರ್ಬೊನೇಟ್‌ನಂಥವು ಹಾಗೆ ತುಂಡಾಗಿ ಸಣ್ಣ ದ್ರವ ಅಣುಗಳಾಗಿಬಿಡುತ್ತವೆ, ವಾಹಕತೆ ಏರಿದಂತೆ ಕಾಣುತ್ತದೆ! ಖುಷಿಪಡುವ ಮೊದಲು ಸೆಲ್ ಬಿಚ್ಚಿ ನೋಡಿ. ಪರಿಹಾರವಾಗಿ ಆನೋಡ್ ಬದಿಗೆ ತೆಳು ಪಿಇಒ ಪದರ, ಕ್ಯಾಥೋಡ್ ಬದಿಗೆ ಪಾಲಿಕಾರ್ಬೊನೇಟ್ ಎಂಬ ಎರಡು ಪದರದ ದಾರಿ ಇದೆ. ಕೆಲಸ ಜಾಸ್ತಿ, ಆದರೆ ತರ್ಕ ಸರಿಯಿದೆ. ಇನ್ನೊಂದು ಅಡ್ಡಿ ಎಂದರೆ ಈ ಸಹಪಾಲಿಮರ್ ಪಿಇಒ ಹಾಗೆ ಬಾಟಲಿಯಲ್ಲಿ ಸುಲಭವಾಗಿ ಸಿಗುವುದಿಲ್ಲ. ಸಂಶ್ಲೇಷಣೆ ಮಾಡುವ ರಸಾಯನಶಾಸ್ತ್ರಜ್ಞರು ಜೊತೆಗಿರಬೇಕು.

ಸಿರಾಮಿಕ್ ಬೆರೆಸಿದರೆ?

ಸೋಡಿಯಂ ಅಯಾನು ಸಾಗಿಸುವ ನಾಸಿಕಾನ್ ಮಾದರಿಯ ಸಿರಾಮಿಕ್ ಅನ್ನು ಹಾಂಗ್ ಮತ್ತು ಗುಡಿನಫ್ 1976ರಲ್ಲಿ ವರದಿ ಮಾಡಿದರು. ಅದರ ವಾಹಕತೆ ಕೋಣೆಯ ಬಿಸಿಯಲ್ಲೇ 10⁻⁴ರಿಂದ 10⁻³. ಇದನ್ನು ಪುಡಿ ಮಾಡಿ ಪಿಇಒಗೆ ಬೆರೆಸಿದರೆ ಎರಡರ ಗುಣವೂ ಸಿಗುತ್ತದೆ ಎಂಬುದು ಆಸೆ. ವಾಸ್ತವದಲ್ಲಿ ಪಾಲಿಮರ್‌ನಿಂದ ಸಿರಾಮಿಕ್ ಕಣದೊಳಗೆ ದಾಟಲು ಅಯಾನಿಗೆ ತಡೆ ಇರುತ್ತದೆ. ಹಾಗಾಗಿ ಬಹಳ ಸಲ ಅದು ಕಣದ ಸುತ್ತ ಹಾದು ಪಾಲಿಮರ್‌ನಲ್ಲೇ ಸಾಗುತ್ತದೆ. ವಾಹಕತೆ ಏರಿದ್ದರೆ ಪುಡಿ ಹರಳುಗಟ್ಟುವುದನ್ನು ತಡೆದದ್ದೇ ಕಾರಣವಿರಬಹುದು. ಆ ಕೆಲಸವನ್ನು ಶೇ. 5-10ರಷ್ಟು ಅಲ್ಯುಮಿನಾ ಅಥವಾ ಸಿಲಿಕಾ ನ್ಯಾನೋ ಪುಡಿಯೂ ಮಾಡುತ್ತದೆ. ಅದಕ್ಕೇ ನನ್ನ ಸಲಹೆ: ನಾಸಿಕಾನ್ ಹಾಕಿದ ಪ್ರತಿ ಪೊರೆಯ ಪಕ್ಕದಲ್ಲಿ, ಅಷ್ಟೇ ಪರಿಮಾಣದ ಅದೇ ಗಾತ್ರದ ಅಲ್ಯುಮಿನಾ ಹಾಕಿದ ಇನ್ನೊಂದು ಪೊರೆ ಮಾಡಿ. ಎರಡರ ಅಂಕಿ ಒಂದೇ ಆದರೆ ನಾಸಿಕಾನ್‌ನಿಂದ ಸಾಗಣೆಗೆ ಏನೂ ಸೇರಲಿಲ್ಲ ಎಂದರ್ಥ.

ಮಿಶ್ರಣದ ನಿಜವಾದ ಲಾಭ ಗಟ್ಟಿತನ. 60 ಡಿಗ್ರಿಯಲ್ಲಿ ಪಿಇಒ ಹರಡಿಕೊಳ್ಳುವುದನ್ನು ಪುಡಿ ತಡೆಯುತ್ತದೆ. ಅಷ್ಟಕ್ಕೇ ಬೇಕಿದ್ದರೆ ಸಾಧಾರಣ ಪುಡಿ ಸಾಕು. ನಾಸಿಕಾನ್ ಅನ್ನು ನೀವೇ ಮಾಡುವುದಾದರೆ 1200 ಡಿಗ್ರಿಯ ಆಸುಪಾಸಿಗೆ ಹೋಗುವ ಕುಲುಮೆ ಬೇಕು. ಅಷ್ಟು ಬಿಸಿಯಲ್ಲಿ ಸೋಡಿಯಂ, ರಂಜಕ ಆವಿಯಾಗಿ ಜಿರ್ಕೋನಿಯಾ ಕಲ್ಮಶ ಉಳಿಯುವುದನ್ನೂ ಸಂಭಾಳಿಸಬೇಕು.

ಋಣ ಅಯಾನನ್ನು ಸರಪಳಿಗೇ ಕಟ್ಟಿಹಾಕಿದ ಏಕ-ಅಯಾನು ಪಾಲಿಮರ್‌ಗಳೂ ಇವೆ. ಸಾಗಣೆ ಸಂಖ್ಯೆ 1ರ ಹತ್ತಿರ. ಒಣ ಸ್ಥಿತಿಯಲ್ಲಿ ವಾಹಕತೆ ತೀರಾ ಕಡಿಮೆ, ಕೊನೆಗೆ ದ್ರವ ಸೇರಿಸಲೇಬೇಕಾಗುತ್ತದೆ. ಮೊದಲ ಯೋಜನೆಗೆ ಬೇಡ.

ಲವಣ

ಸೋಡಿಯಂ ಎಫ್‌ಎಸ್‌ಐ ಮತ್ತು ಟಿಎಫ್‌ಎಸ್‌ಐ ನಡುವೆ ಒಂದನ್ನು ಆರಿಸಿ. ಎರಡೂ ಪಾಲಿಮರ್‌ನಲ್ಲಿ ಅಯಾನುಗಳಾಗಿ ಚೆನ್ನಾಗಿ ಬಿಡಿಸಿಕೊಳ್ಳುತ್ತವೆ. ಎಫ್‌ಎಸ್‌ಐ ಸೋಡಿಯಂ ಮೇಲೆ ಒಳ್ಳೆಯ ರಕ್ಷಣಾ ಪದರ ಕಟ್ಟುತ್ತದೆ. ಟಿಎಫ್‌ಎಸ್‌ಐ ಒಣಗಿಸುವ ಬಿಸಿಯನ್ನು ಹೆಚ್ಚು ತಡೆಯುತ್ತದೆ. ವೋಲ್ಟೇಜ್ ಏರಿದರೆ ಎರಡೂ ಅಲ್ಯುಮಿನಿಯಂ ಹಾಳೆಯನ್ನು ತಿನ್ನಬಲ್ಲವು, ಅದರ ಮೇಲೆ ಕಣ್ಣಿರಲಿ. ಸೋಡಿಯಂ ಪರ್ಕ್ಲೋರೇಟ್ ಅಗ್ಗವಾಗಿ ಸಿಗುತ್ತದೆ. ಆದರೆ ಅದು ಬಲವಾದ ಆಕ್ಸಿಡೀಕಾರಕ. ಸಾವಯವ ಪಾಲಿಮರ್ ಜೊತೆ ಬೆರೆಸಿ ಬಿಸಿ ಮಾಡುವ ಧೈರ್ಯ ನನಗಂತೂ ಇಲ್ಲ. ಸೋಡಿಯಂ ಹೆಕ್ಸಾಫ್ಲೋರೋಫಾಸ್ಫೇಟ್ ತೇವ ತಾಗಿದರೆ ಹೈಡ್ರೋಜನ್ ಫ್ಲೋರೈಡ್ ಬಿಡುತ್ತದೆ.

ಹಾಗಾದರೆ ನಿಮಗೆ ಯಾವುದು?

ಗ್ಲವ್‌ಬಾಕ್ಸ್ (ಗಾಳಿ, ತೇವ ತಾಗದಂತೆ ಕೆಲಸ ಮಾಡುವ ಮುಚ್ಚಿದ ಪೆಟ್ಟಿಗೆ) ಇಲ್ಲವೇ? ಸೋಡಿಯಂ ಲೋಹದ ಹತ್ತಿರ ಹೋಗಬೇಡಿ. ನಿರ್ವಾತ ಓವನ್, ಪ್ರತಿರೋಧ ಅಳೆಯುವ ಇಂಪಿಡೆನ್ಸ್ ಉಪಕರಣ, ಮುಚ್ಚಿಡಬಹುದಾದ ಉಕ್ಕಿನ ಸೆಲ್ ಇದ್ದರೆ ಪಿಇಒ-ಟಿಎಫ್‌ಎಸ್‌ಐ ಪೊರೆಯ ವಾಹಕತೆಯನ್ನು ಬಿಸಿಯೊಂದಿಗೆ ಅಳೆಯುವ ಕೆಲಸ ಮಾಡಬಹುದು. ಅದೇ ಒಂದು ಒಳ್ಳೆಯ ವಿದ್ಯಾರ್ಥಿ ಯೋಜನೆ.

ಗ್ಲವ್‌ಬಾಕ್ಸ್ ಇದೆ, ಪೂರ್ತಿ ಸೆಲ್ ಮಾಡಬೇಕು, ಬಿಸಿ ಮಾಡಲು ಅಭ್ಯಂತರವಿಲ್ಲ ಎಂದರೆ ಪಿಇಒ, ಎಫ್‌ಎಸ್‌ಐ, ಎನ್‌ವಿಪಿ, 60 ಡಿಗ್ರಿ. ಪೊರೆ ಹರಡುತ್ತಿದ್ದರೆ ಸಿಲಿಕಾ ಸೇರಿಸಿ. ಕೋಣೆಯ ಬಿಸಿಯಲ್ಲೇ ನಡೆಯಬೇಕು, ಬೇಗ ಫಲಿತಾಂಶ ಬೇಕು ಎಂದರೆ ಸೆಲ್ಲಿನೊಳಗೆ ಗಟ್ಟಿಯಾಗುವ ಜೆಲ್ ಮತ್ತು ಹಾರ್ಡ್ ಕಾರ್ಬನ್. ಹೆಚ್ಚು ವೋಲ್ಟೇಜ್‌ನ ಕ್ಯಾಥೋಡ್ ಬಿಡಲು ಮನಸ್ಸಿಲ್ಲ, ಸಮಯವೂ ರಸಾಯನಶಾಸ್ತ್ರದ ಬಲವೂ ಇದೆ ಎಂದರೆ ಪಾಲಿಕಾರ್ಬೊನೇಟ್‌ನ ಎರಡು ಪದರದ ದಾರಿ ಹಿಡಿಯಿರಿ. ನಾಸಿಕಾನ್ ಮಿಶ್ರಣವನ್ನು ಸಿರಾಮಿಕ್ ಕೆಲಸ ಗೊತ್ತಿರುವ ಲ್ಯಾಬಿಗೆ ಬಿಡಿ.

ಯಾವುದನ್ನೇ ಆರಿಸಿದರೂ ಅಳೆಯುವಾಗ ಎರಡು ಕಡೆ ಹುಷಾರು. ಬಿಸಿಯಾದ ಪೊರೆ ಒತ್ತಡಕ್ಕೆ ತೆಳ್ಳಗಾಗುತ್ತದೆ. ಮೊದಲು ಅಳೆದ ದಪ್ಪವನ್ನೇ ಹಾಕಿ ಲೆಕ್ಕ ಮಾಡಿದರೆ ವಾಹಕತೆ ಇಲ್ಲದ್ದು ಇದ್ದಂತೆ ಕಾಣುತ್ತದೆ. ಸುತ್ತ ಒಂದು ತೆಳು ಟೆಫ್ಲಾನ್ ಉಂಗುರ ಇಟ್ಟರೆ ದಪ್ಪವೂ ವಿಸ್ತೀರ್ಣವೂ ಅಲ್ಲೇ ನಿಲ್ಲುತ್ತವೆ. ಇನ್ನೊಂದು, ಎರಡೂ ಬದಿ ಸೋಡಿಯಂ ಇಟ್ಟು ನೂರಾರು ಗಂಟೆ ಓಡಿಸುವ ಪರೀಕ್ಷೆ. ಪೊರೆಯ ಪ್ರತಿರೋಧ 50 ಓಮ್-ಚದರ ಸೆಂಟಿಮೀಟರ್ ಇದ್ದು ಚದರ ಸೆಂಟಿಮೀಟರಿಗೆ 0.1 ಮಿಲಿಆಂಪಿಯರ್ ಹರಿಸಿದರೆ ಪೊರೆಯೊಂದರಿಂದಲೇ 5 ಮಿಲಿವೋಲ್ಟ್ ಕಾಣಿಸಬೇಕು, ಮೇಲ್ಮೈಗಳ ಪಾಲು ಬೇರೆ. ಗ್ರಾಫ್ 2 ಮಿಲಿವೋಲ್ಟ್‌ನಲ್ಲಿ ನೆಟ್ಟಗೆ ಮಲಗಿದ್ದರೆ ಸೆಲ್ ಚೆನ್ನಾಗಿದೆ ಎಂದಲ್ಲ, ಒಳಗೆ ಸೋಡಿಯಂ ಎಳೆ ಬೆಳೆದು ಶಾರ್ಟ್ ಆಗಿದೆ.